ಮಾಹುಲ್‌ನಲ್ಲಿ 12.60 ಲಕ್ಷಕ್ಕೆ ಮನೆ: ತಗೊಳ್ಳಿ ಅನ್ನಬಹುದಾ?

ಚೆಂಬೂರು ಕ್ಯಾಂಟೀನ್

ಎಲ್ಲರಿಗೂ ನಮಸ್ಕಾರ. ಚೆಂಬೂರಿನಲ್ಲಿ ಒಂದು ಸಣ್ಣ ಕ್ಯಾಂಟೀನ್ ನಡೆಸ್ತೇನೆ. ಬೆಳಿಗ್ಗೆ ಚಹಾಕ್ಕೆ ಬರುವವರಲ್ಲಿ ಬಿಎಂಸಿಯ (ಮುಂಬೈ ಮಹಾನಗರ ಪಾಲಿಕೆ) ಕಸ ವಿಭಾಗದವರೊಬ್ಬರಿದ್ದಾರೆ, ವಿಜಯಪುರ ಕಡೆಯವರು. ಗೋವಂಡಿಯಲ್ಲಿ ಬಾಡಿಗೆ ಮನೆ, ಇಬ್ಬರು ಮಕ್ಕಳು. ಈಗ, 2025ರಲ್ಲಿ, ಬಿಎಂಸಿ ತನ್ನ ಮೂರನೇ, ನಾಲ್ಕನೇ ದರ್ಜೆ ನೌಕರರಿಗೆ ಚೆಂಬೂರಿನ ಪಕ್ಕದ ಮಾಹುಲ್‌ನಲ್ಲಿ ಖಾಲಿ ಬಿದ್ದಿರುವ ಮನೆಗಳನ್ನು 12.60 ಲಕ್ಷಕ್ಕೆ ಕೊಡ್ತಾ ಉಂಟು. 225 ಚದರ ಅಡಿ. ಒಟ್ಟು 9,098 ಮನೆ. ಮುಂಬೈಯಲ್ಲಿ ಆ ದುಡ್ಡಿಗೆ ಸ್ಕೂಟರ್ ನಿಲ್ಲಿಸುವಷ್ಟು ಜಾಗವೂ ಸಿಗುವುದಿಲ್ಲ.

"ಅಣ್ಣಾ, ಅರ್ಜಿ ಹಾಕ್ಲೇನು, ಬ್ಯಾಡೇನು?" ಅಂತ ಕೇಳಿದ್ರು. ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಮಾಹುಲ್ ಹೆಸರು ಕೇಳಿದರೆ ಇಲ್ಲಿಯವರು ಮೂಗು ಮುಚ್ಚಿಕೊಳ್ತಾರೆ. ಆದರೆ ಅವರೆಲ್ಲ ಸ್ವಂತ ಮನೆ ಇರುವವರು. ಈ ವಿಷಯ ಬಲ್ಲವರು ಹೇಳಿ.

ನಿವೃತ್ತ ಕುರ್ಲಾ

ಶೆಟ್ರೇ, ಆ ಮನೆಗಳು ಯಾಕೆ ಖಾಲಿ ಅನ್ನೋದನ್ನು ಮೊದಲು ಅವರಿಗೆ ಹೇಳಿ.

ಮುಂಬೈಗೆ ನೀರು ತರುವ ತಾನ್ಸಾ ಪೈಪ್‌ಲೈನಿನ ಎರಡೂ ಬದಿ 10 ಮೀಟರ್ ತೆರವು ಮಾಡಿ ಎಂದು ಹೈಕೋರ್ಟ್ ಹೇಳಿದ್ದು 2009ರಲ್ಲಿ. ಪೈಪಿನ ಪಕ್ಕ ಜೋಪಡಿ ಹಾಕಿಕೊಂಡಿದ್ದ ವಿದ್ಯಾವಿಹಾರ, ಘಾಟ್‌ಕೋಪರ್, ಕುರ್ಲಾ ಕಡೆಯ ಸಾವಿರಾರು ಕುಟುಂಬಗಳನ್ನು ಆಮೇಲೆ, ಹೆಚ್ಚಾಗಿ 2017ರ ಹೊತ್ತಿಗೆ, ಮಾಹುಲ್‌ನ ಏಳು ಮಹಡಿ ಕಟ್ಟಡಗಳಿಗೆ ತಂದು ತುಂಬಿದರು. ಅಂಥ ಕಟ್ಟಡ 72 ಇವೆ. ಸುತ್ತ ಏನಿದೆ ನೋಡಿ: ಒಂದು ಕಡೆ ಬಿಪಿಸಿಎಲ್ ರಿಫೈನರಿ, ಇನ್ನೊಂದು ಕಡೆ ಎಚ್‌ಪಿಸಿಎಲ್, ರಾಷ್ಟ್ರೀಯ ಕೆಮಿಕಲ್ಸ್ ಗೊಬ್ಬರ ಕಾರ್ಖಾನೆ, ಟಾಟಾ ವಿದ್ಯುತ್ ಸ್ಥಾವರ, ರಾಸಾಯನಿಕ ಶೇಖರಿಸುವ ಟ್ಯಾಂಕುಗಳ ಸಾಲು.

ಇದರಲ್ಲಿ ಅನ್ಯಾಯ ಎಲ್ಲಿದೆ ಗೊತ್ತಾ? ಇವರನ್ನು ಅಲ್ಲಿಗೆ ಕಳಿಸುವ ಮೊದಲೇ, 2015ರ ಡಿಸೆಂಬರ್‌ನಲ್ಲಿ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮಾಹುಲ್ ಮತ್ತು ಅಂಬಾಪಾಡಾ ಗ್ರಾಮಗಳ ಗಾಳಿಯಿಂದ ನಿವಾಸಿಗಳ ಆರೋಗ್ಯಕ್ಕೆ ಅಪಾಯ ಇದೆ ಎಂದು ತೀರ್ಪಿನಲ್ಲೇ ಬರೆದಿತ್ತು. ಆ ಕೇಸು ಹಾಕಿದ್ದು ಅಲ್ಲಿನ ಕೋಳಿ ಎಂಬ ಸಮುದಾಯದ ಮೀನುಗಾರರು. ತೀರ್ಪು ಕೈಯಲ್ಲಿಟ್ಟುಕೊಂಡೇ ಜನರನ್ನು ಅದೇ ಗಾಳಿಗೆ ಸಾಗಿಸಿದರು. 2018ರ ಆಗಸ್ಟ್‌ನಲ್ಲಿ ಬಿಪಿಸಿಎಲ್‌ನಲ್ಲಿ ಸ್ಫೋಟ ಆಗಿ ನಲವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಆ ಅಕ್ಟೋಬರ್‌ನಲ್ಲಿ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ವಿದ್ಯಾವಿಹಾರದ ಹಳೇ ಜಾಗಕ್ಕೇ ವಾಪಸ್ ಬಂದು ಪೈಪಿನ ಪಕ್ಕ ಧರಣಿ ಕೂತರು. ವರ್ಷಕ್ಕೂ ಮಿಕ್ಕಿ ಕೂತರು. 2019ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು: ಇನ್ನು ಯಾರನ್ನೂ ಅಲ್ಲಿಗೆ ಕಳಿಸಬೇಡಿ, ಹೊರಬರುವವರಿಗೆ ತಿಂಗಳಿಗೆ 15,000 ಬಾಡಿಗೆ, 45,000 ಠೇವಣಿ ಕೊಡಿ.

ಖಾಲಿ ಮನೆಗಳ ಕಥೆ ಇದು. ಒತ್ತುವರಿದಾರರಿಗೆ ವಾಸಯೋಗ್ಯವಲ್ಲದ್ದು ಝಾಡುವಾಲಾಗಳಿಗೆ ಹೇಗೆ ವಾಸಯೋಗ್ಯ ಆಯಿತು ಎಂದು ಕೇಳಿದರೆ "ಇದು ಬಲವಂತ ಅಲ್ಲ, ಬೇಕಾದವರು ಕೊಳ್ಳಬಹುದು" ಅಂತಾರೆ.

ಟ್ಯಾಂಕ್‌ಫಾರ್ಮ್

ಹಲವು ವರ್ಷ ತೈಲ ಉದ್ಯಮದಲ್ಲಿ ಕೆಲಸ ಮಾಡಿದವನು ನಾನು. ಯಾವ ಕಂಪನಿ ಅನ್ನೋದು ಬೇಡ. ಇನ್ನೊಂದು ಬದಿಯನ್ನೂ ಯಾರಾದರೂ ಹೇಳಬೇಕಲ್ಲ.

ಮಾಹುಲ್ ಇರುವ ಟ್ರಾಂಬೆಯ ಎರಡೂ ರಿಫೈನರಿ ಶುರುವಾದದ್ದು 1950ರ ದಶಕದ ನಡುವಿನಲ್ಲಿ, ಎಸ್ಸೋ ಮತ್ತು ಬರ್ಮಾ ಶೆಲ್ ಎಂಬ ವಿದೇಶಿ ಕಂಪನಿಗಳ ಕಾಲ. ಊರು ಬೆಳೆದು ಗೇಟಿನ ತನಕ ಬಂತು. ಮನೆ ಕಟ್ಟಲು ಅನುಮತಿ ಕೊಟ್ಟವರು ಯಾರು? ರಿಫೈನರಿ ಅಲ್ಲ. ಪೆಟ್ರೋಲು, ಅಡುಗೆ ಗ್ಯಾಸು, ಡಾಂಬರು ಎಲ್ಲ ಬೇಕು, ಆದರೆ ಕಾರ್ಖಾನೆ ಮಾತ್ರ ಕಣ್ಣಿಗೆ ಬೀಳಬಾರದು ಅಂದ್ರೆ ಹೇಗೆ?

ಇನ್ನೊಂದು ಮಾತು. ಜನ ಚಿಮಣಿ ನೋಡಿ ಹೆದರ್ತಾರೆ. ಮಾಹುಲ್‌ನ ತಕರಾರು ಹೆಚ್ಚಿನದು ಚಿಮಣಿಯದಲ್ಲ, ಟ್ಯಾಂಕಿನದು. ಬೆಂಜೀನ್, ಟೊಲುವೀನ್, ಕ್ಸೈಲೀನ್ ಇವೆಲ್ಲ ಬೇಗ ಆವಿಯಾಗುವ ದ್ರವಗಳು. ಹಡಗಿನಿಂದ ಟ್ಯಾಂಕಿಗೆ ದ್ರವ ತುಂಬುವಾಗ ಒಳಗಿದ್ದ ಆವಿ ಹೊರಗೆ ಹೋಗಲೇಬೇಕು. ಹಗಲು ಬಿಸಿಲಿಗೆ ಹಿಗ್ಗಿ ಹೊರಬಿಡ್ತದೆ, ರಾತ್ರಿ ತಣಿದು ಒಳಗೆಳೀತದೆ. ನಾವು ಅದನ್ನು ಟ್ಯಾಂಕಿನ ಉಸಿರು ಅಂತಲೇ ಕರೆಯೋದು. ದ್ರವದ ಮೇಲೆ ತೇಲುವ ಛಾವಣಿಯ ಸೀಲ್ ಸರಿ ಇದ್ದರೆ, ಲೋಡಿಂಗ್ ಜಾಗದಲ್ಲಿ ಆವಿ ಹಿಡಿದು ವಾಪಸ್ ದ್ರವ ಮಾಡುವ ಘಟಕ ಓಡ್ತಾ ಇದ್ದರೆ, ಬಹುಪಾಲು ತಡೆಯಬಹುದು. ತಂತ್ರಜ್ಞಾನ ಹಳೆಯದು, ಚೆನ್ನಾಗಿ ಗೊತ್ತಿರುವುದು.

ನಿವೃತ್ತ ಕುರ್ಲಾ

ನಿಮ್ಮ ಟ್ಯಾಂಕಿನ ಮಾತಿಗೆ ಪುರಾವೆ ಇದೆ, ಒಪ್ಪಿದೆ. 2020ರ ಆಗಸ್ಟ್‌ನಲ್ಲಿ ಹಸಿರು ನ್ಯಾಯಮಂಡಳಿ ಇಲ್ಲಿನ ಗಾಳಿ ಕೆಡಿಸಿದ್ದಕ್ಕೆ ಒಟ್ಟು 286 ಕೋಟಿ ಪರಿಹಾರ ಹೊರಿಸಿತಲ್ಲ, ಅದರಲ್ಲಿ 142 ಕೋಟಿ ಏಜಿಸ್ ಲಾಜಿಸ್ಟಿಕ್ಸ್ ಎಂಬ ಶೇಖರಣಾ ಕಂಪನಿಯ ಪಾಲು. ಎಚ್‌ಪಿಸಿಎಲ್‌ಗೆ 76.5, ಬಿಪಿಸಿಎಲ್‌ಗೆ 67.5. ಚಿಮಣಿಯಿಲ್ಲದವರದ್ದೇ ದೊಡ್ಡ ಮೊತ್ತ.

ಆದರೆ "ಊರು ಗೇಟಿಗೆ ಬಂತು" ಅನ್ನೋದನ್ನು ಒಪ್ಪಲಾರೆ. ಮಾಹುಲ್ ಕೋಳಿವಾಡಾ, ಅಂದರೆ ಮೀನುಗಾರರ ಕೇರಿ, ರಿಫೈನರಿಗಿಂತ ಎಷ್ಟೋ ಹಳೆಯದು. ಪೈಪ್‌ಲೈನಿನವರಂತೂ ತಾವಾಗಿ ಬಂದವರೇ ಅಲ್ಲ, ಅವರನ್ನು ತಂದು ಹಾಕಿದ್ದು.

ಕಳವಾರು ಗುಡ್ಡೆ

ಮಾರಾಯ್ರೆ, "ಮೊದಲು ಯಾರು ಬಂದದ್ದು" ಅಂತ ಕೇಳುವುದಾದರೆ ಸುರತ್ಕಲ್ ಕಡೆಗೆ ಒಮ್ಮೆ ಬನ್ನಿ.

ಪಣಂಬೂರಿನಲ್ಲಿ ಬಂದರು ಕಟ್ಟುವಾಗ ಅಲ್ಲಿಯವರನ್ನು ಎಬ್ಬಿಸಿ ಕಾಟಿಪಳ್ಳಕ್ಕೆ ಕಳಿಸಿದರು. ಗದ್ದೆ, ತೆಂಗು, ದೈವಸ್ಥಾನ ಎಲ್ಲ ಬಿಟ್ಟು ಸೈಟಿಗೆ ಬಂದರು. ಆಮೇಲೆ 1996ರಲ್ಲಿ ಎಂಆರ್‌ಪಿಎಲ್ ರಿಫೈನರಿ ಶುರುವಾಯಿತು. ಮತ್ತೆ ಜಾಗ, ಮತ್ತೆ ಪುನರ್ವಸತಿ. 2006ರಲ್ಲಿ ವಿಶೇಷ ಆರ್ಥಿಕ ವಲಯ. ಬಂದರಿಗೆ ಜಾಗ ಬಿಟ್ಟವರ ಮೊಮ್ಮಕ್ಕಳು ಇವತ್ತು ಕೈಗಾರಿಕೆಗಳ ಮಗ್ಗುಲಲ್ಲಿ ಮಲಗುತ್ತಾರೆ. ಇವರಲ್ಲಿ ಒಬ್ಬರೂ ಕಾರ್ಖಾನೆಯ ಹತ್ತಿರ ಹೋದವರಲ್ಲ.

ಪಕ್ಕದ ಜೋಕಟ್ಟೆಯವರು ರಿಫೈನರಿಯ ಕೋಕ್ (ಕಲ್ಲಿದ್ದಲಿನಂಥ ಉಳಿಕೆ) ಹುಡಿಯ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಒಣಗಲು ಹಾಕಿದ ಬಟ್ಟೆಯ ಮೇಲೆ, ಬಾವಿಕಟ್ಟೆಯ ಮೇಲೆ, ಅಂಗಳದ ತುಳಸಿಯ ಮೇಲೆ ಕಪ್ಪು ಹುಡಿ. ಹೋರಾಟದಿಂದ ಆಗುವುದಿಲ್ಲ ಅಂತ ಮಾತ್ರ ಹೇಳಬೇಡಿ. ವಿಶೇಷ ಆರ್ಥಿಕ ವಲಯದ ಎರಡನೇ ಹಂತಕ್ಕೆ ಗುರುತಿಸಿದ್ದ ಕುತ್ತೆತ್ತೂರು, ಪೆರ್ಮುದೆ ಕಡೆಯ 2,035 ಎಕ್ರೆಯನ್ನು 2011ರಲ್ಲಿ ಸರಕಾರ ಕೈಬಿಟ್ಟಿತು. ಪೇಜಾವರ ಸ್ವಾಮಿಗಳಿಂದ ಹಿಡಿದು ಬೀಡಿ ಕಟ್ಟುವ ಹೆಂಗಸರ ತನಕ ಒಟ್ಟಿಗೆ ನಿಂತದ್ದಕ್ಕೆ.

ಇನ್ನೊಂದು ಲೆಕ್ಕ: 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 88 ಕೈಗಾರಿಕಾ ಪ್ರದೇಶಗಳಿಗೆ ಅಂಕ ಕೊಟ್ಟಿತು. 70 ದಾಟಿದರೆ ತೀವ್ರ ಮಲಿನ. ಮಂಗಳೂರಿಗೆ ಸಿಕ್ಕಿದ್ದು 73.68, ಭದ್ರಾವತಿಗೆ 72.33. ಶಾಲೆಯ ಪರೀಕ್ಷೆಯಲ್ಲಿ ಇಷ್ಟು ಬಂದಿದ್ದರೆ ನಮ್ಮ ಅಪ್ಪ ಜಿಲೇಬಿ ತರ್ತಿದ್ದರು.

ಮಂಡ್ಯ ಮಂಜ

😂 ಜಿಲೇಬಿ. ಆದ್ರೂ ಉದ್ಯೋಗ ಸಿಕ್ತಲ್ಲ ಸ್ವಾಮಿ ನಿಮ್ ಕಡೆಯೋರಿಗೆ?

ಕಳವಾರು ಗುಡ್ಡೆ

ಸಿಕ್ಕಿತು. ಜಾಗ ಕೊಟ್ಟ ಮನೆಗೊಂದು ಅಂತ ಲೆಕ್ಕ ಹಾಕಿದರು. ಗೇಣಿಗೆ ಇದ್ದವನಿಗೆ, ಕೂಲಿಗೆ ಹೋಗುತ್ತಿದ್ದವಳಿಗೆ, ಹೊಳೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದವಳಿಗೆ ಜಾಗವೇ ಇರಲಿಲ್ಲವಲ್ಲ, ಅವರಿಗೆ ಎಂತ ಕೊಡುವುದು? ಗಾಳಿ ಮಾತ್ರ ಎಲ್ಲರಿಗೂ ಸಮ ಪಾಲು ಬಂತು.

ಚೆಂಬೂರು ಕ್ಯಾಂಟೀನ್

ಎಲ್ಲರಿಗೂ ಥ್ಯಾಂಕ್ಸ್. ಒಂದು ಗೊಂದಲ. ಮೊಬೈಲಿನಲ್ಲಿ ಗಾಳಿಯ ಸೂಚ್ಯಂಕ ನೋಡಿದೆ. ಚೆಂಬೂರು ಹಳದಿ, ಒಮ್ಮೊಮ್ಮೆ ಹಸಿರು. ಇದನ್ನು ಆ ಮನುಷ್ಯನಿಗೆ ತೋರಿಸಿದರೆ "ಮತ್ತ್ಯಾಕ ಹೆದರ್ಸ್ತೀರಿ?" ಅಂತಾರೆ. ನಿನ್ನೆ ರಾತ್ರಿ ನಾನೇ ಆ ಕಡೆ ಹೋಗಿದ್ದೆ. ಉಗುರಿಗೆ ಹಚ್ಚುವ ಬಣ್ಣದ ವಾಸನೆ, ತಲೆ ಹಿಡಿಯಿತು. ಆ್ಯಪು ಹಸಿರೇ ಇತ್ತು!

ರಸಾಯನ ಮೇಷ್ಟ್ರು

ಇದೇ ನಿಜವಾದ ವಿಷಯ. ಸ್ವಲ್ಪ ಉದ್ದ ಬರೀತೀನಿ, ಸಹಿಸ್ಕೊಳ್ಳಿ.

ನಮ್ಮ ದೇಶದ ಗಾಳಿ ಸೂಚ್ಯಂಕದಲ್ಲಿ ಎಂಟೇ ಅಂಶಗಳಿವೆ: ಎರಡು ಗಾತ್ರದ ಧೂಳು, ಸಾರಜನಕದ ಡೈಆಕ್ಸೈಡ್, ಗಂಧಕದ ಡೈಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್, ಓಝೋನ್, ಅಮೋನಿಯಾ, ಸೀಸ. ಬೆಂಜೀನ್ ಇದರಲ್ಲಿ ಇಲ್ಲ. ಟೊಲುವೀನ್, ಕ್ಸೈಲೀನ್ ಇಲ್ಲ. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕೂಡ ಇಲ್ಲ. ಅಂದ್ರೆ ನಿಮ್ಮ ತಲೆ ಹಿಡಿಸಿದ ವಸ್ತುವನ್ನು ಆ್ಯಪು ಅಳೆಯೋದೇ ಇಲ್ಲ. ಹಸಿರು ಬಣ್ಣ ಸುಳ್ಳಲ್ಲ. ಕೇಳದ ಪ್ರಶ್ನೆಗೆ ಅದು ಉತ್ತರ ಕೊಡಲ್ಲ, ಅಷ್ಟೇ.

2009ರ ರಾಷ್ಟ್ರೀಯ ಗಾಳಿ ಮಾನದಂಡದ 12 ವಸ್ತುಗಳ ಪಟ್ಟಿಯಲ್ಲಿ ಬೆಂಜೀನ್ ಇದೆ: ಘನ ಮೀಟರಿಗೆ 5 ಮೈಕ್ರೋಗ್ರಾಂ. ಆದರೆ ಅದು ವರ್ಷದ ಸರಾಸರಿ. ದಿನದ ಮಿತಿ ಅಂತ ಒಂದಿಲ್ಲ. ರಾತ್ರಿ ಎರಡು ಗಂಟೆ ಹೊತ್ತಿನಲ್ಲಿ ಗಾಳಿ ನಿಂತಾಗ, ನೆಲದ ಹತ್ತಿರದ ತಣ್ಣನೆ ಪದರದಲ್ಲಿ ಆವಿ ಸಿಕ್ಕಿಹಾಕಿಕೊಂಡು ಒಂದು ಗಂಟೆ ಏರಿದ್ದು, ಮಳೆಗಾಲದ ಗಾಳಿಯ ಜೊತೆ ಸೇರಿ ಸರಾಸರಿಯಾದಾಗ ಕಾಣೋದೇ ಇಲ್ಲ. ಉಸಿರಾಡುವವನು ಗಂಟೆಗಂಟೆಗೆ ಉಸಿರಾಡ್ತಾನೆ, ಕಾನೂನು ವರ್ಷಕ್ಕೊಮ್ಮೆ.

ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತೆ ಅನ್ನೋದರಲ್ಲಿ ಅನುಮಾನ ಉಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮೊದಲನೇ ಗುಂಪಿನಲ್ಲಿ ಇಟ್ಟಿದೆ. ಟೊಲುವೀನ್ ಹಾಗಲ್ಲ, ತಲೆನೋವು, ಮಂಪರು, ಕಣ್ಣುರಿ. ಮೂಗನ್ನೂ ಪೂರ್ತಿ ನಂಬಬೇಡಿ. ಹೈಡ್ರೋಜನ್ ಸಲ್ಫೈಡ್ ತೀರಾ ಕಡಿಮೆ ಇದ್ದಾಗಲೇ ನಾರುತ್ತೆ. ಆದರೆ ದಶಲಕ್ಷಕ್ಕೆ 100 ಭಾಗ ದಾಟಿದರೆ ಮೂಗೇ ಮರಗಟ್ಟುತ್ತೆ, ವಾಸನೆ ಹೋಯ್ತು ಅಂದ್ಕೊಂಡಾಗಲೇ ಅಪಾಯ ಜಾಸ್ತಿ.

ಹುಬ್ಬಳ್ಳಿ ಡಾಕ್ಟರಮ್ಮ

ಮೇಷ್ಟ್ರ ಮಾತಿಗೆ ನಂದೊಂದಿಷ್ಟು. ಮುಂಬೈಯ ಕೆಇಎಂ ಆಸ್ಪತ್ರೆಯವರು 2013ರಾಗ ಮಾಹುಲ್ ಮತ್ತು ಅಂಬಾಪಾಡಾ ಕಡೆ ಸರ್ವೇ ಮಾಡಿದ್ರು. 67.1 ಶೇಕಡಾ ಮಂದಿಗೆ ತಿಂಗಳಿಗೆ ಮೂರಕ್ಕಿಂತ ಹೆಚ್ಚು ಸಲ ಉಸಿರಾಟದ ತೊಂದರೆ, 86.6 ಶೇಕಡಾ ಮಂದಿಗೆ ಕಣ್ಣುರಿ. ಸಣ್ಣ ಅಂಕಿ ಅಲ್ಲರೀ.

ಆದರ ವೈದ್ಯಳಾಗಿ ಇದನ್ನೂ ಹೇಳಬೇಕು. ಇದು ಜನ ಹೇಳಿದ ಲಕ್ಷಣಗಳ ಲೆಕ್ಕ. "ಈ ಮನುಷ್ಯಾಗ ಆ ಟ್ಯಾಂಕಿನಿಂದಾನ ದಮ್ಮು ಬಂತು" ಅಂತ ಕೋರ್ಟಿನಾಗ ನನ್ನ ನಿಲ್ಲಿಸಿ ಕೇಳಿದ್ರ ನಾನು ಹೂಂ ಅನ್ನಾಕಾಗೂದಿಲ್ಲ. ಆ ಕಟ್ಟಡಗಳು ಒಂದಕ್ಕೊಂದು ಅಂಟಿಕೊಂಡಾವ, ಕೆಳಗಿನ ಮಹಡಿಗೆ ಬಿಸಿಲು ಬೀಳೂದಿಲ್ಲ, ಒಂದ ಖೋಲಿಯಾಗ ಐದಾರು ಮಂದಿ. ಟಿಬಿಗೆ ಅದಷ್ಟ ಸಾಕು. ಕಂಪನಿ ವಕೀಲರು ಸೀದಾ ಇದನ್ನ ಎತ್ತಿ ಹಿಡೀತಾರ: ಬೀಡಿ ಸೇದ್ತಿದ್ದ, ಒಲಿ ಹೊಗಿ ಇತ್ತು, ಮೊದಲ ಟಿಬಿ ಇತ್ತು. ಬಡವರ ಮೈಮ್ಯಾಗ ಇಷ್ಟು ಕಾರಣ ಮೊದಲ ಇರ್ತಾವು, ಹೊಸ ಕಾರಣ ಅದರೊಳಗ ಅಡಗಿಕೊಳ್ಳೂದು ಭಾಳ ಸಸಾರ.

ಕರಿಕೋಟು

ವಕೀಲರನ್ನು ಬೈದಿದ್ದಕ್ಕೆ ಹಾಜರಾದೆ. 🙂

ಡಾಕ್ಟ್ರೇ, ಕಾನೂನು ಓದಿದರೆ ಆ ಭಾರ ನಿಮ್ಮ ಮೇಲಾಗಲಿ ರೋಗಿಯ ಮೇಲಾಗಲಿ ಬೀಳಬಾರದು. 1996ರ ವೆಲ್ಲೂರು ನಾಗರಿಕರ ಪ್ರಕರಣ, ಚರ್ಮ ಹದ ಮಾಡುವ ಕಾರ್ಖಾನೆಗಳದ್ದು. ಸುಪ್ರೀಂ ಕೋರ್ಟ್ ಅಲ್ಲಿ ಸ್ಪಷ್ಟವಾಗಿ ಹೇಳಿದೆ: ತನ್ನ ಕೆಲಸ ಪರಿಸರಕ್ಕೆ ಹಾನಿ ಮಾಡುವುದಿಲ್ಲ ಎಂದು ತೋರಿಸುವ ಹೊಣೆ ಉದ್ಯಮದ್ದು. ಅದಕ್ಕೂ ಹಿಂದೆ, 1985ರ ಡಿಸೆಂಬರ್‌ನಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿದ ಪ್ರಕರಣದಲ್ಲಿ, ಅಪಾಯಕಾರಿ ಉದ್ಯಮಕ್ಕೆ ಯಾವ ವಿನಾಯಿತಿಯೂ ಇಲ್ಲದ ಪೂರ್ಣ ಹೊಣೆ ಎಂದಿತು. 2010ರ ಹಸಿರು ನ್ಯಾಯಮಂಡಳಿ ಕಾಯ್ದೆಯಲ್ಲೂ ಮುನ್ನೆಚ್ಚರಿಕೆಯ ತತ್ವ, ಕೆಡಿಸಿದವನೇ ತೆರಬೇಕೆಂಬ ತತ್ವ ಎರಡೂ ಇವೆ.

ಪುಸ್ತಕದಲ್ಲಿ ಹೀಗಿದ್ದರೂ ನಡೆಯುವುದೇ ಬೇರೆ. ದೂರು ಕೊಟ್ಟರೆ ಮಾಲಿನ್ಯ ನಿಯಂತ್ರಣ ಮಂಡಳಿಯವರು ಮರುದಿನ ಮಧ್ಯಾಹ್ನ ಬರುತ್ತಾರೆ. ಆಗ ವಾಸನೆ ಇರುವುದಿಲ್ಲ. "ಪರಿಶೀಲನೆ ವೇಳೆ ಮಿತಿಯೊಳಗಿತ್ತು" ಎಂದು ಷರಾ. ಹೊಣೆ ಉಸಿರಾಡುವವನ ತಲೆಗೇ ಬಂತು. ನನ್ನ ಪ್ರಕಾರ ಇಡೀ ಚರ್ಚೆ ಇಲ್ಲೇ ನಿಂತಿದೆ. ರಿಫೈನರಿ ಬೇಕೋ ಬೇಡವೋ ಅನ್ನುವುದರಲ್ಲಿ ಅಲ್ಲ.

ಮಿಸಿಸಿಪ್ಪಿ ದಂಡೆ

ಅಮೆರಿಕದ ಲೂಸಿಯಾನಾದಲ್ಲಿ ಇದ್ದೇನೆ, ಊರು ಶಿವಮೊಗ್ಗ. ಕರಿಕೋಟು ಅವರ ಮಾತಿಗೆ ಇಲ್ಲಿನ ಒಂದು ಪ್ರಸಂಗ.

ಬ್ಯಾಟನ್ ರೂಜ್‌ನಿಂದ ನ್ಯೂ ಆರ್ಲಿಯನ್ಸ್ ತನಕ ನದಿಯುದ್ದಕ್ಕೂ ರಾಸಾಯನಿಕ ಕಾರ್ಖಾನೆಗಳು. ಒಂದು ಕಾಲದಲ್ಲಿ ಗುಲಾಮರು ದುಡಿದ ಕಬ್ಬಿನ ತೋಟಗಳ ಜಾಗವೇ ಇದು. ಅವರ ಸಂತತಿಯವರೇ ಇಂದು ಬೇಲಿಯ ಪಕ್ಕ ಇರುವವರು. 'ಕ್ಯಾನ್ಸರ್ ಓಣಿ' ಎಂದೇ ಹೆಸರು ಬಿದ್ದಿದೆ. ನಾರ್ಕೋ ಎಂಬಲ್ಲಿ ಡೈಮಂಡ್ ಅಂತ ಕರಿಯರ ಕೇರಿ, ನಾಲ್ಕೇ ಬೀದಿ. ಒಂದು ಬದಿ ಶೆಲ್‌ನ ರಾಸಾಯನಿಕ ಕಾರ್ಖಾನೆ, ಇನ್ನೊಂದು ಬದಿ ರಿಫೈನರಿ. 1973ರಲ್ಲಿ ಪೈಪ್ ಸೋರಿ ಬೆಂಕಿ ಹತ್ತಿ ಕೇರಿಯ ಇಬ್ಬರು ಸತ್ತರು. 1988ರ ರಿಫೈನರಿ ಸ್ಫೋಟದಲ್ಲಿ ಏಳು ಕಾರ್ಮಿಕರು.

ಮಾರ್ಗಿ ರಿಚರ್ಡ್ ಎಂಬ ಶಾಲಾ ಶಿಕ್ಷಕಿ ಮುಂದೆ ನಿಂತರು. ಇಲಾಖೆಯವರು ಬರುವ ಹೊತ್ತಿಗೆ ವಾಸನೆ ಹೋಗಿರುತ್ತಿತ್ತು, ಥೇಟ್ ನೀವು ಹೇಳಿದ ಹಾಗೆ. ಅದಕ್ಕೆ ಇವರೇ ಗಾಳಿ ಹಿಡಿಯಲು ಶುರುಮಾಡಿದರು. ಪ್ಲಾಸ್ಟಿಕ್ ಬಕೆಟ್, ಒಳಗೆ ವಿಶೇಷ ಚೀಲ, ಗಾಳಿ ಎಳೆಯಲು ಪುಟ್ಟ ಪಂಪು. ವಾಸನೆ ಬಂದ ಕ್ಷಣ ಚೀಲ ತುಂಬಿ ಪ್ರಯೋಗಾಲಯಕ್ಕೆ. ಈ ಬಕೆಟ್ ಉಪಾಯ 1995ರ ಸುಮಾರಿಗೆ ಕ್ಯಾಲಿಫೋರ್ನಿಯಾದ ರಿಫೈನರಿ ಊರುಗಳಲ್ಲಿ ಹುಟ್ಟಿದ್ದು. ಕೊನೆಗೆ 2002ರಲ್ಲಿ ಶೆಲ್ ಕಂಪನಿ ಹೊರಹೋಗಲು ಬಯಸಿದವರ ಮನೆಗಳನ್ನು ಕೊಳ್ಳಲು ಒಪ್ಪಿತು. 2004ರಲ್ಲಿ ರಿಚರ್ಡ್‌ಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ.

2015ರ ನಿಯಮದ ಪ್ರಕಾರ ಇಲ್ಲಿನ ರಿಫೈನರಿಗಳು ಈಗ ಬೇಲಿಯ ಸುತ್ತ ಬೆಂಜೀನ್ ಅಳೆಯಲೇಬೇಕು, ಅಂಕಿಗಳನ್ನು ಜನರ ಮುಂದಿಡಬೇಕು. ವರ್ಷದ ಸರಾಸರಿ 9 ಮೈಕ್ರೋಗ್ರಾಂ ದಾಟಿದರೆ ಮೂಲ ಹುಡುಕಿ ಸರಿಪಡಿಸಬೇಕು. ಇಲ್ಲಿ ಎಲ್ಲ ಚೆನ್ನ ಎಂದು ಭ್ರಮಿಸಬೇಡಿ, ಇದೇ ನದಿ ದಂಡೆಯ ಬೇರೆ ಊರುಗಳಲ್ಲಿ ಜಗಳ ಇನ್ನೂ ನಡೆದಿದೆ.

ಟ್ಯಾಂಕ್‌ಫಾರ್ಮ್

ಬೇಲಿಯಲ್ಲಿ ಅಳೆಯುವುದನ್ನು ನಾನೂ ಒಪ್ಪುತ್ತೇನೆ. ಒಳ್ಳೇ ಕಂಪನಿಗೆ ಅದರಿಂದ ಲಾಭವೇ, ಪಕ್ಕದವನ ತಪ್ಪು ತನ್ನ ತಲೆಗೆ ಬರೋದು ತಪ್ಪುತ್ತೆ. ಮಾಹುಲ್‌ನಂಥ ಕಡೆ ಎಲ್ಲರೂ ಎಲ್ಲರ ಮೇಲೂ ಬೆರಳು ತೋರಿಸ್ತಾರೆ.

ಆದರೆ ಬಕೆಟ್ ಮಾದರಿಯನ್ನು ಕಂಪನಿಯವರು ಸುಲಭವಾಗಿ ತಳ್ಳಿಹಾಕ್ತಾರೆ. ಚೀಲ ಯಾರ ಕೈಲಿತ್ತು, ಎಷ್ಟು ಹೊತ್ತಿತ್ತು, ಪಕ್ಕದಲ್ಲಿ ಸ್ಕೂಟರ್ ಓಡ್ತಿತ್ತಾ, ಎಲ್ಲ ಕೇಳ್ತಾರೆ. ಕೇಳಬೇಕಾದ ಪ್ರಶ್ನೆಗಳೇ.

ರಸಾಯನ ಮೇಷ್ಟ್ರು

ಸರಿ, ಆದ್ರೆ ತಳ್ಳಿಹಾಕೋದಕ್ಕಾದ್ರೂ ಅವರು ತಮ್ಮ ಅಂಕಿ ತೆಗೆದು ತೋರಿಸಬೇಕಾಗುತ್ತಲ್ಲ ಸಾರ್. ಅಷ್ಟಾದ್ರೆ ಬಕೆಟ್ ಕೆಲಸ ಮುಗೀತು. ತಮಿಳುನಾಡಿನ ಕಡಲೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಹಳ್ಳಿಯವರು 2004ರಲ್ಲೇ ಇದನ್ನು ಮಾಡಿದ್ದರು. ಬಕೆಟ್ ಜೊತೆ ಅವರು ವಾಸನೆಯ ದಿನಚರಿಯನ್ನೂ ಇಟ್ಟರು: ಎಷ್ಟು ಹೊತ್ತಿಗೆ, ಎಂಥ ವಾಸನೆ, ಯಾವ ಕಡೆ ಗಾಳಿ.

ಚೆಂಬೂರು ಕ್ಯಾಂಟೀನ್

ಇವತ್ತು ಬೆಳಿಗ್ಗೆ ಅವರು ಬಂದಿದ್ದರು. ನೀವು ಬರೆದದ್ದರ ಸಾರ ಹೇಳಿದೆ. ಪೂರ್ತಿ ಕೇಳಿಸಿಕೊಂಡರು, ಎರಡನೇ ಚಹಾ ಕುಡಿದರು. ಆಮೇಲೆ ಹೇಳಿದ್ದು ಇಷ್ಟು: "ಅಣ್ಣಾ, ನಾ ಇರೂದು ಗೋವಂಡಿ. ದೇವನಾರ ಕಸದ ಗುಡ್ಡಕ್ಕ ಬೆಂಕಿ ಹತ್ತಿದ್ರ ಅಲ್ಲೂ ಕೆಮ್ಮ. ದಿನಾ ಎಂಟು ತಾಸು ಕಸದಾಗ ಇರ್ತೀನಿ, ಅದರ ವಾಸನಿ ಯಾರೂ ಅಳತಿ ಮಾಡಿಲ್ಲ. ಬಾಡಿಗಿ ಕಟ್ಟೂದು ತಪ್ಪಿದ್ರ ಮಗಳನ್ನ ಕಾಲೇಜಿಗೆ ಹಾಕಬಹುದು." ಹೆಂಡತಿಗೆ ಮಾತ್ರ ಮನಸ್ಸಿಲ್ಲವಂತೆ, ಅವಳ ತಂಗಿ ಮಾಹುಲ್‌ನಿಂದಲೇ ಬಿಟ್ಟು ಬಂದವಳು. ಅರ್ಜಿ ಹಾಕ್ತಾರೆ ಅಂತ ಕಾಣ್ತದೆ. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ನಿವೃತ್ತ ಕುರ್ಲಾ

ಬೇಡ ಅನ್ನಬೇಕಾದ್ದು ಮಾರುವವರಿಗೆ, ಕೊಳ್ಳುವವರಿಗಲ್ಲ. ಅರ್ಜಿಗೆ ನೌಕರರು ಮುಗಿಬಿದ್ದಿಲ್ಲ ಎಂದು ಪೇಪರಿನಲ್ಲಿ ಓದಿದೆ. ಅವರಿಗೂ ಗೊತ್ತಿದೆ. ಗೊತ್ತಿದ್ದೂ ಹೋಗುವವನನ್ನು "ಬೇಕಾದವರು ಕೊಂಡರು" ಎಂದು ನಾಳೆ ಕೋರ್ಟಿನಲ್ಲಿ ತೋರಿಸುತ್ತಾರೆ ನೋಡಿ.

ಹುಬ್ಬಳ್ಳಿ ಡಾಕ್ಟರಮ್ಮ

ಶೆಟ್ರೇ, ಹೋಗೂದ ಖರೇ ಆದ್ರ ಒಂದು ಕೆಲಸ ಮಾಡ್ಲಿಕ್ಕೆ ಹೇಳ್ರಿ. ಮನಿ ಬದಲು ಮಾಡೂದಕ್ಕಿಂತ ಮೊದಲ ನಾಲ್ಕೂ ಮಂದಿ ರಕ್ತ ಪರೀಕ್ಷೆ ಮಾಡಿಸಿ, ಊದಿ ನೋಡೋ ಶ್ವಾಸಕೋಶದ ಪರೀಕ್ಷೆನೂ ಮಾಡಿಸಿ, ಕಾಗದ ಜ್ವಾಪಾನ ಇಡ್ಲಿ. ಬಿಎಂಸಿ ದವಾಖಾನ್ಯಾಗ ಕೇಳಿ ನೋಡ್ಲಿ. ಮುಂದ ಏನರ ಆದ್ರ "ಮೊದಲ ಇತ್ತು" ಅನ್ನಾಕ ಬರಬಾರದು. ತಳಮಹಡಿ ಬ್ಯಾಡ, ಆದಷ್ಟು ಮ್ಯಾಲಿನ ಮಹಡಿ, ಬಿಸಿಲಿಗಾಗಿ.

ಕಳವಾರು ಗುಡ್ಡೆ

ಕರಿಕೋಟು ಸರ್, ಕಡಲೂರಿನವರ ಹಾಗೆ ವಾಸನೆಯ ಪುಸ್ತಕ ನಾವೂ ಇಡುವ ಅಂತ ಇಲ್ಲಿ ನಾಲ್ಕು ಮನೆಯವರು ಮಾತಾಡಿಕೊಂಡಿದ್ದೇವೆ. ಅದಕ್ಕೆ ಕೋರ್ಟಿನಲ್ಲಿ ಬೆಲೆ ಉಂಟಾ?

ಕರಿಕೋಟು

ಅದೊಂದರಿಂದಲೇ ಗೆಲ್ಲುವುದಿಲ್ಲ. ಆದರೆ ಆ ಪುಸ್ತಕ ಬೇರೆ ದಾಖಲೆಗೆ ದಾರಿ ತೆರೆಯುತ್ತದೆ. ರಿಫೈನರಿ, ಪೆಟ್ರೋಕೆಮಿಕಲ್ ಸೇರಿ 17 ಬಗೆಯ ಉದ್ಯಮಗಳು ಚಿಮಣಿಗೆ ನಿರಂತರ ಮಾಪಕ ಕೂರಿಸಿ ಅಂಕಿಗಳನ್ನು ನೇರ ಮಾಲಿನ್ಯ ಮಂಡಳಿಗೆ ಕಳಿಸಬೇಕು, 2014ರಿಂದ. ನಿಮ್ಮ ಪುಸ್ತಕದಲ್ಲಿ ದಿನಾಂಕ, ಗಂಟೆ ಇದ್ದರೆ ಮಾಹಿತಿ ಹಕ್ಕಿನಲ್ಲಿ ಸರಿಯಾಗಿ ಆ ಹೊತ್ತಿನ ಅಂಕಿಯನ್ನೇ ಕೇಳಬಹುದು. "ಎಲ್ಲ ಮಾಹಿತಿ ಕೊಡಿ" ಎಂದರೆ ಕೊಡುವುದಿಲ್ಲ. ಜೊತೆಗೆ ಕಾರ್ಖಾನೆಗೆ ಕೊಟ್ಟ ಸಮ್ಮತಿಪತ್ರದ ಷರತ್ತುಗಳನ್ನೂ ಕೇಳಿ. ವಾಯು ಕಾಯ್ದೆಯ 51ನೇ ಕಲಂ ಪ್ರಕಾರ ಅದರ ರಿಜಿಸ್ಟರನ್ನು ಸಂಬಂಧಪಟ್ಟವರು ನೋಡಬಹುದು.

ಅವಧಿ ಮರೆಯಬೇಡಿ. ಹಸಿರು ನ್ಯಾಯಮಂಡಳಿಗೆ ಪರಿಸರ ವಿವಾದವಾದರೆ ಕಾರಣ ಹುಟ್ಟಿದ ಆರು ತಿಂಗಳೊಳಗೆ, ಸಕಾರಣವಿದ್ದರೆ ಇನ್ನು 60 ದಿನ. ಪರಿಹಾರ ಕೇಳುವುದಾದರೆ ಐದು ವರ್ಷ. "ನೋಡೋಣ, ನೋಡೋಣ" ಎನ್ನುತ್ತ ಆರು ತಿಂಗಳು ದಾಟಿಸಿಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ.

ಟ್ಯಾಂಕ್‌ಫಾರ್ಮ್

ಕಳವಾರಿನವರೇ, ಪುಸ್ತಕದಲ್ಲಿ ಗಾಳಿಯ ದಿಕ್ಕಿಗೊಂದು ಕಾಲಂ ಹಾಕಿ. ಬಟ್ಟೆ ಚೂರು ಕಟ್ಟಿದ ಕೋಲು ಸಾಕು. ದಿಕ್ಕು ಇಲ್ಲದಿದ್ದರೆ ನಮ್ಮವರು ಮೊದಲ ಪುಟದಲ್ಲೇ ಬಿಸಾಡ್ತಾರೆ. ಚಿಮಣಿ ತುದಿಯ ಜ್ವಾಲೆ ಜೋರಾಗಿ ಉರಿದರೆ ಫೋಟೋ ತೆಗೀರಿ, ಸಮಯ ಕಾಣೋ ಹಾಗೆ. ಯಂತ್ರ ನಿಲ್ಲಿಸಿ ಮತ್ತೆ ಚಾಲೂ ಮಾಡುವ ದಿನಗಳಲ್ಲೇ ಹೆಚ್ಚು ಹೊರಬೀಳೋದು, ಆ ದಿನಗಳ ಪಟ್ಟಿಯನ್ನೂ ಕೇಳಿ.

ಕಳವಾರು ಗುಡ್ಡೆ

ಒಳಗಿದ್ದವರೇ ಹೇಳಿಕೊಟ್ಟದ್ದು ಒಳ್ಳೆಯದಾಯಿತು. ಕಾಲಂ ಹಾಕುತ್ತೇವೆ. ಆ ಪಟ್ಟಿ ಕೇಳುವ ಅರ್ಜಿಯ ಒಂದು ಮಾದರಿ ಯಾರಾದರೂ ಕನ್ನಡದಲ್ಲಿ ಬರೆದು ಹಾಕ್ತೀರಾ? ನಮ್ಮಲ್ಲಿ ಬರೆಯಲು ಕೂರುವವರು ಹೆಂಗಸರು, ಅವರಿಗೆ ಇಂಗ್ಲಿಷ್ ನಮೂನೆ ಕೊಟ್ಟರೆ ಅಲ್ಲಿಗೇ ನಿಲ್ಲುತ್ತದೆ.

ಕರಿಕೋಟು

ಭಾನುವಾರ ಹಾಕುತ್ತೇನೆ. ಅರ್ಜಿ ಶುಲ್ಕಕ್ಕೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತೆಗೆದಿಟ್ಟುಕೊಳ್ಳಿ.